ವೈರ್‌ಲೆಸ್ ಡೈವ್ ಕಂಪ್ಯೂಟರ್ ಟ್ಯಾಂಕಿನ ಒತ್ತಡ ಸರಿಯಾಗಿ ತೋರಿಸದಿದ್ದರೆ: ದೋಷ ಹುಡುಕುವ ಬಗೆ

ಉಸಿರಾಡುವ ರೆಗ್ಯುಲೇಟರಿನ ಫಸ್ಟ್ ಸ್ಟೇಜಿಗೆ, ಅಂದರೆ ಟ್ಯಾಂಕಿನ ವಾಲ್ವಿಗೆ ಕೂರುವ ಭಾಗಕ್ಕೆ, ಹೆಬ್ಬೆರಳಿಗಿಂತ ತುಸು ದಪ್ಪದ, ಒತ್ತಡ ಅಳೆದು ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಒಂದನ್ನು ತಿರುಗಿಸಿ ಕೂರಿಸಿದರೆ ಸಾಕು, ಟ್ಯಾಂಕಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಮಣಿಕಟ್ಟಿನ ಡೈವ್ ಕಂಪ್ಯೂಟರಿನಲ್ಲೇ ಕಾಣುತ್ತದೆ. ಆಳ, ಸಮಯ, ಗಾಳಿ ಮೂರೂ ಒಂದೇ ಪರದೆಯಲ್ಲಿ. ಇದು ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಒಮ್ಮೆ ಆ ಸಂಖ್ಯೆ ಮಾಯವಾದರೆ ಅಥವಾ ವಿಚಿತ್ರವಾಗಿ ಕುಣಿದರೆ, ಹೆಚ್ಚಿನವರು ಬೋಟಿನ ಮೇಲೇ ಬ್ಯಾಟರಿ ಬದಲಿಸಿ ನೋಡುತ್ತಾರೆ. ಆಗಲೂ ಸರಿಹೋಗದಿದ್ದರೆ ‘ಟ್ರಾನ್ಸ್‌ಮಿಟರ್ ಕೆಟ್ಟಿದೆ’ ಅನ್ನುತ್ತಾರೆ. ಬಹಳ ಸಲ ಅದು ಕೆಟ್ಟಿರುವುದೇ ಇಲ್ಲ. ಕಾರಣ ವಾಲ್ವಿನಲ್ಲಿರುತ್ತದೆ, ಬಿಸಿಲಿನಲ್ಲಿರುತ್ತದೆ, ಕ್ಯಾಮೆರಾ ಫ್ಲಾಶಿನಲ್ಲಿರುತ್ತದೆ. ಕೆಲವು ಸಲ ಪಕ್ಕದವರ ಟ್ಯಾಂಕಿನಲ್ಲಿರುತ್ತದೆ.

ಹಾಗಾಗಿ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಸಂಖ್ಯೆ ಕಾಣುತ್ತಲೇ ಇಲ್ಲವೋ, ಕಾಣುವ ಸಂಖ್ಯೆ ತಪ್ಪೋ? ಇವೆರಡೂ ಬೇರೆ ಬೇರೆ ರೋಗ. ಸಂಖ್ಯೆ ಕಾಣದಿದ್ದರೆ ತೊಂದರೆ ಸಿಗ್ನಲ್‌ನದ್ದು ಅಥವಾ ಬ್ಯಾಟರಿಯದ್ದು. ಸಂಖ್ಯೆ ತಪ್ಪಿದ್ದರೆ ತೊಂದರೆ ಗಾಳಿ ಹರಿಯುವ ದಾರಿಯದ್ದು, ಸೆನ್ಸರ್‌ನದ್ದು ಅಥವಾ ಜೋಡಣೆಯದ್ದು. ಇನ್ನೊಂದು ಮಾತು. ಸಂಖ್ಯೆ ಮಾಯವಾದಾಗ ಎಲ್ಲರಿಗೂ ಗಾಬರಿಯಾಗುತ್ತದೆ. ಆದರೆ ನನಗೆ ಹೆಚ್ಚು ಭಯ ಹುಟ್ಟಿಸುವುದು ನಂಬುವಂತೆ ಕಾಣುವ ತಪ್ಪು ಸಂಖ್ಯೆ. ಪರದೆ ಖಾಲಿಯಾದರೆ ನೀವು ಮೇಲೆ ಬರುತ್ತೀರಿ. 140 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಅಂತ ಕಂಡರೆ ಮುಂದೆ ಹೋಗುತ್ತೀರಿ.

ಇನ್ನೊಂದು ಗೇಜ್ ಇಲ್ಲದೆ ಪರೀಕ್ಷೆ ಇಲ್ಲ

ಮುಂದೆ ಹೇಳುವ ಯಾವ ಪರೀಕ್ಷೆಗೂ ಮುಳ್ಳು ಇರುವ ಸಾಮಾನ್ಯ ಗೇಜ್ ಒಂದು ಬೇಕು. ಹೆಚ್ಚಿನ ಫಸ್ಟ್ ಸ್ಟೇಜ್‌ಗಳಲ್ಲಿ ಎರಡು ಎಚ್‌ಪಿ ಪೋರ್ಟ್, ಅಂದರೆ ಹೆಚ್ಚು ಒತ್ತಡದ ಗಾಳಿ ಸಿಗುವ ತೂತು, ಇರುತ್ತವೆ. ಒಂದಕ್ಕೆ ಟ್ರಾನ್ಸ್‌ಮಿಟರ್, ಇನ್ನೊಂದಕ್ಕೆ ಗೇಜ್. ಗೇಜಿಗೆ ಬ್ಯಾಟರಿ ಬೇಡ, ಸಿಗ್ನಲ್ ಬೇಡ. ಕೆಲವರು ಹೋಸ್ ಕಡಿಮೆಯಾಗಲಿ ಅಂತ ಗೇಜ್ ತೆಗೆದೇ ಬಿಡುತ್ತಾರೆ. ಅವರವರ ಇಷ್ಟ ಸರಿ, ಆದರೆ ನಾನು ತೆಗೆಯುವುದಿಲ್ಲ. ತೆಗೆಯಿರಿ ಅಂತ ಯಾರಿಗೂ ಹೇಳುವುದೂ ಇಲ್ಲ.

ಗೇಜ್ ಕೂಡ ಪೂರ್ತಿ ಸತ್ಯವಂತ ಅಲ್ಲ, ಅದು ನೆನಪಿರಲಿ. ಒಳಗಿರುವುದು ಬಾಗಿದ ಲೋಹದ ನಳಿಗೆ. ಒತ್ತಡ ಏರಿದಂತೆ ಅದು ಬಿಚ್ಚಿಕೊಳ್ಳುತ್ತದೆ, ಮುಳ್ಳು ತಿರುಗುತ್ತದೆ. ಬಿದ್ದು ಪೆಟ್ಟಾದ ಗೇಜು ತಪ್ಪು ಹೇಳಬಹುದು. ಒತ್ತಡ ಇಲ್ಲದಾಗ ಮುಳ್ಳು ಸೊನ್ನೆಯ ಮೇಲೆ ನಿಲ್ಲುತ್ತದೆಯೇ ಅಂತ ಮೊದಲು ನೋಡಿ. ಗೇಜಿನ ಮೇಲೆ ಅನುಮಾನ ಬಂದರೆ ಡೈವ್ ಸೆಂಟರ್‌ನಿಂದ ಇನ್ನೊಂದು ಗೇಜ್ ಕೇಳಿ, ಅದೇ ಟ್ಯಾಂಕಿಗೆ ಹಾಕಿ ನೋಡಿ.

ಸಂಖ್ಯೆ ಕಾಣುತ್ತಿಲ್ಲ

ಮೊದಲು ನೆಲದ ಮೇಲೆ ನೋಡಿ. ಟ್ರಾನ್ಸ್‌ಮಿಟರ್‌ಗಳಿಗೆ ಸಾಮಾನ್ಯವಾಗಿ ಆನ್ ಮಾಡುವ ಗುಂಡಿ ಇರುವುದಿಲ್ಲ. ಒತ್ತಡ ಬಂದಾಗ ತಾನೇ ಎಚ್ಚರವಾಗುತ್ತದೆ, ಒತ್ತಡ ಹೋದ ಕೆಲವು ನಿಮಿಷಕ್ಕೆ ಮಲಗುತ್ತದೆ. ಅಂದರೆ ಟ್ಯಾಂಕಿನ ವಾಲ್ವ್ ತೆರೆಯದೆ ಎಷ್ಟು ಹೊತ್ತು ಕಾದರೂ ಏನೂ ಬರುವುದಿಲ್ಲ. ವಾಲ್ವ್ ತೆರೆದ ಮೇಲೂ ತಕ್ಷಣ ಬರುವುದಿಲ್ಲ, ಸ್ವಲ್ಪ ಹೊತ್ತು ಕಾಯಬೇಕು. ಕಂಪ್ಯೂಟರಿನ ಮೆನುವಿನಲ್ಲಿ ಟ್ರಾನ್ಸ್‌ಮಿಟರ್ ಆನ್ ಆಗಿದೆಯೇ, ಅಲ್ಲಿರುವ ಸೀರಿಯಲ್ ನಂಬರೂ ಟ್ರಾನ್ಸ್‌ಮಿಟರ್ ಮೈಮೇಲೆ ಅಚ್ಚಾಗಿರುವ ನಂಬರೂ ಒಂದೇನಾ ಅಂತ ಹೋಲಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಮೇಲೂ, ಬಾಡಿಗೆ ಟ್ರಾನ್ಸ್‌ಮಿಟರ್ ಬಳಸಿ ವಾಪಸ್ ಕೊಟ್ಟ ಮೇಲೂ ಇದನ್ನು ನೋಡುವುದು ಒಳ್ಳೆಯದು.

ನೆಲದ ಮೇಲೆ ಸರಿಯಿದ್ದು ನೀರಿಗಿಳಿದಾಗ ಮಾತ್ರ ಹೋಗುತ್ತದೆ ಅಂದರೆ, ಸಿಗ್ನಲ್ ಹೇಗೆ ಬರುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ಫೋನಿಗೆ ಲಾಗ್ ಕಳಿಸುವ ಬ್ಲೂಟೂತ್ 2.4 ಗಿಗಾಹರ್ಟ್ಜ್‌ನದು. ಸಮುದ್ರದ ಉಪ್ಪು ನೀರು ಕರೆಂಟು ಹರಿಯಲು ಬಿಡುತ್ತದಲ್ಲ, ಹಾಗಾಗಿ ಅಷ್ಟು ಮೇಲಿನ ಆವರ್ತನದ ರೇಡಿಯೋ ಅಲೆ ಅದರಲ್ಲಿ ಕೆಲವೇ ಸೆಂಟಿಮೀಟರ್‌ನಲ್ಲಿ ಸತ್ತುಹೋಗುತ್ತದೆ. ಅದಕ್ಕೇ ಶಿಯರ್‌ವಾಟರ್, ಓಷಿಯಾನಿಕ್ ಮೊದಲಾದ ಕಂಪನಿಗಳ ಟ್ರಾನ್ಸ್‌ಮಿಟರ್‌ಗಳು 38 ಕಿಲೋಹರ್ಟ್ಜ್‌ನಷ್ಟು ಕೆಳಗಿನ ಆವರ್ತನ ಬಳಸುತ್ತವೆ. ಆ ಆವರ್ತನದಲ್ಲೂ ಸಮುದ್ರದ ನೀರಿನಲ್ಲಿ ಸುಮಾರು 1.3 ಮೀಟರ್ ದಾಟುವಷ್ಟರಲ್ಲಿ ಅಲೆಯ ಬಲ ಸರಿಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದು ಕಂಪನಿಯ ಲೋಪವಲ್ಲ, ಉಪ್ಪುನೀರಿನ ಗುಣ. ಕೈಪಿಡಿಗಳು ಒಂದು ಮೀಟರಿನ ಆಸುಪಾಸಿನ ದೂರ ಹೇಳುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಮೈಗೆ ಹೋಲಿಸಿ ನೋಡಿ. ಟ್ರಾನ್ಸ್‌ಮಿಟರ್ ಬೆನ್ನ ಹಿಂದೆ ಬಲಗಡೆ, ಕಂಪ್ಯೂಟರ್ ಎಡ ಮಣಿಕಟ್ಟಿನಲ್ಲಿ. ಕೈ ಮುಂದೆ ಚಾಚಿ ಹಗ್ಗ ಹಿಡಿದಿದ್ದರೆ ಎರಡರ ನಡುವೆ ಒಂದು ಮೀಟರಿಗಿಂತ ಜಾಸ್ತಿ ದೂರ ಆಗುತ್ತದೆ. ನಡುವೆ ನಿಮ್ಮ ತಲೆ, ಟ್ಯಾಂಕು, ಫಸ್ಟ್ ಸ್ಟೇಜಿನ ಹಿತ್ತಾಳೆ ಬೇರೆ. ಆಂಕರ್ ಹಗ್ಗ ಹಿಡಿದಿದ್ದಾಗ ಮಾತ್ರ ಸಿಗ್ನಲ್ ಹೋಗುತ್ತದೆ ಅಂದರೆ ಕಾರಣ ಬಹುತೇಕ ಇದೇ. ಮಣಿಕಟ್ಟನ್ನು ಎದೆಯ ಹತ್ತಿರ ತಂದು ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಸಂಖ್ಯೆ ಮರಳಿತೇ? ಹಾಗಾದರೆ ಯಂತ್ರ ಚೆನ್ನಾಗಿದೆ. ಟ್ರಾನ್ಸ್‌ಮಿಟರನ್ನು ಕಂಪ್ಯೂಟರ್ ಕಟ್ಟುವ ಕೈಯ ಕಡೆಯ ಪೋರ್ಟಿಗೆ ಬದಲಿಸಿ. ಒಳಗಿನ ಆಂಟೆನಾಗೆ ದಿಕ್ಕೂ ಮುಖ್ಯ. ಒಂದು ಕೋನದಲ್ಲಿ ಚೆನ್ನಾಗಿ ಸಿಗುವ ಸಿಗ್ನಲ್ ಇನ್ನೊಂದು ಕೋನದಲ್ಲಿ ಹೋಗಬಹುದು. ಮಣಿಕಟ್ಟು ತಿರುಗಿಸಿಯೂ ನೋಡಿ.

ಗಾರ್ಮಿನ್‌ನ ಡಿಸೆಂಟ್ ಸಾಲಿನ ಟ್ರಾನ್ಸ್‌ಮಿಟರ್‌ಗಳು ನೀರಿನಡಿ ರೇಡಿಯೋ ಬದಲು ನಮ್ಮ ಕಿವಿಗೆ ಕೇಳದ ಸದ್ದಿನ ಅಲೆ ಬಳಸುತ್ತವೆ. ಅವುಗಳ ದೂರ ಸುಮಾರು 10 ಮೀಟರ್, ಹಾಗಾಗಿ ಬಡ್ಡಿಯ, ಅಂದರೆ ಜೊತೆಯಲ್ಲಿ ಡೈವ್ ಮಾಡುವವರ, ಟ್ಯಾಂಕಿನ ಒತ್ತಡವನ್ನೂ ನೋಡಬಹುದು. ಅಲ್ಲಿ ತೊಂದರೆ ಕೊಡುವವು ಬೇರೆ. ಸದ್ದಿನ ಅಲೆಗೆ ಗಾಳಿಯ ಗುಳ್ಳೆ ಗೋಡೆ ಇದ್ದಂತೆ. ಅಲೆ ಒಡೆದು ನೊರೆ ತುಂಬಿದ ಮೇಲ್ನೀರಿನಲ್ಲಿ, ಗುಳ್ಳೆಗಳ ರಾಶಿಯ ನಡುವೆ, ದಪ್ಪ ನಿಯೋಪ್ರೀನ್ ತೋಳಿನ ಹಿಂದೆ ವಾಚು ಮರೆಯಾದಾಗ ಸಿಗ್ನಲ್ ತಪ್ಪಬಹುದು. ಆ ಯಂತ್ರ ಇದ್ದವರು ಮುಂದಿನ ಫ್ಲಾಶ್ ವಿಚಾರಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ರೇಡಿಯೋ ಬಳಸುವ ಯಂತ್ರಕ್ಕೆ ಮಾತ್ರ ಕ್ಯಾಮೆರಾ ಫ್ಲಾಶ್ ದೊಡ್ಡ ಕಾಟ. ಒಂದು ಫೋಟೋ ಹೊಡೆದ ಮೇಲೆ ಫ್ಲಾಶಿನ ಒಳಗಿನ ಕೆಪಾಸಿಟರ್ ಮತ್ತೆ ಚಾರ್ಜ್ ಆಗುತ್ತದೆ. ಆ ಕೆಲವು ಸೆಕೆಂಡ್ ಅದು ಸುತ್ತಲೂ ವಿದ್ಯುತ್ ಗದ್ದಲ ಎಬ್ಬಿಸುತ್ತದೆ. ಒಂದರ ಹಿಂದೆ ಒಂದು ಫೋಟೋ ಹೊಡೆಯುತ್ತಾ ಹೋದರೆ ಟ್ರಾನ್ಸ್‌ಮಿಟರಿನ ಮಾತು ಕಂಪ್ಯೂಟರಿಗೆ ಕೇಳುವುದೇ ಇಲ್ಲ. ನೀರಿನಡಿ ಎಳೆದುಕೊಂಡು ಹೋಗುವ ಸ್ಕೂಟರಿನ ಮೋಟಾರೂ ಹೀಗೇ. ಪತ್ತೆ ಸುಲಭ. ಮೂರು ನಿಮಿಷ ಫೋಟೋ ನಿಲ್ಲಿಸಿ, ಸಂಖ್ಯೆ ಬರುತ್ತದೆಯೇ ನೋಡಿ. ಬಂದರೆ ಫ್ಲಾಶ್ ಹಿಡಿದ ತೋಳನ್ನೂ ಕಂಪ್ಯೂಟರ್ ಇರುವ ಕೈಯನ್ನೂ ದೂರ ಇಡಿ. ದಡದಲ್ಲಿ ಪರೀಕ್ಷೆ ಮಾಡುವಾಗಲೂ ಲ್ಯಾಪ್‌ಟಾಪ್ ಚಾರ್ಜರ್, ಇನ್ವರ್ಟರ್ ಪಕ್ಕ ಕೂತು ಮಾಡಬೇಡಿ.

ಒಬ್ಬರೇ ಎರಡು ಟ್ಯಾಂಕು, ಎರಡು ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ಇನ್ನೊಂದು ಪೇಚು. ಹಳೆಯ ಮಾದರಿಗಳು ಸುಮಾರು ಐದು ಸೆಕೆಂಡಿಗೊಮ್ಮೆ ಒಂದು ಸಂದೇಶ ಕಳಿಸುತ್ತವೆ. ಎರಡಕ್ಕೂ ಒಂದೇ ಅಂತರ ಇದ್ದರೆ ಕೆಲವೊಮ್ಮೆ ಇಬ್ಬರೂ ಒಟ್ಟಿಗೇ ಮಾತಾಡಿ ಎರಡೂ ಕೇಳದಂತಾಗುತ್ತದೆ. ಶಿಯರ್‌ವಾಟರ್ ಹಿಂದೆ ಬೂದು ಮತ್ತು ಹಳದಿ ಬಣ್ಣದ ಟ್ರಾನ್ಸ್‌ಮಿಟರ್‌ಗಳಿಗೆ ಬೇರೆ ಬೇರೆ ಅಂತರ ಕೊಟ್ಟಿದ್ದು ಇದಕ್ಕೇ. ಆಮೇಲೆ ಬಂದ ಸ್ವಿಫ್ಟ್ ಮಾದರಿ ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ಕೇಳಿಸಿಕೊಂಡು ತನ್ನ ಸರದಿ ನೋಡಿಕೊಳ್ಳುತ್ತದೆ.

ಸಂಖ್ಯೆ ಇದೆ, ಆದರೆ ನಂಬುವುದು ಹೇಗೆ?

ಅತಿ ಹೆಚ್ಚು ಬರುವ ದೂರು ಇದು: ‘ಬೋಟಿನ ಮೇಲೆ 200 ಇತ್ತು, ನೀರಿಗಿಳಿದ ಐದು ನಿಮಿಷಕ್ಕೆ 180 ಆಯ್ತು, ನಾನೇನು ಅಷ್ಟು ಉಸಿರಾಡಿಲ್ಲ.’ ಹೆಚ್ಚಿನ ಸಲ ಇದು ದೋಷವೇ ಅಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಬೇಸಿಗೆಯ ಬಿಸಿಲಿಗೆ ಟ್ಯಾಂಕು ಮುಟ್ಟಲಾಗದಷ್ಟು ಕಾಯುತ್ತದೆ. ಒಳಗಿನ ಗಾಳಿ 50 ಡಿಗ್ರಿ ಇದೆ, ನೀರು 28 ಡಿಗ್ರಿ ಇದೆ ಅಂದುಕೊಳ್ಳಿ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಲೆಕ್ಕ ಹಾಕಿದರೆ 200 ಬಾರ್ ಇದ್ದದ್ದು ಒಂದು ಉಸಿರೂ ಎಳೆಯದೆ ಸುಮಾರು 186 ಬಾರ್ ಆಗುತ್ತದೆ. ಆಗಷ್ಟೇ ತುಂಬಿಸಿ ತಂದ ಬಿಸಿ ಟ್ಯಾಂಕಿನದ್ದೂ ಇದೇ ಕತೆ. ಗೇಜ್ ನೋಡಿ. ಅದೂ ಅಷ್ಟೇ ಇಳಿದಿದ್ದರೆ ಟ್ರಾನ್ಸ್‌ಮಿಟರ್ ಸತ್ಯವನ್ನೇ ಹೇಳುತ್ತಿದೆ.

ಗೇಜಿಗೂ ಕಂಪ್ಯೂಟರಿಗೂ ವ್ಯತ್ಯಾಸ ಇದ್ದರೆ ಒಂದೇ ಕಡೆ ಹೋಲಿಸಿ ತೀರ್ಮಾನ ಮಾಡಬೇಡಿ. ತುಂಬಿದ ಟ್ಯಾಂಕಿನಲ್ಲಿ ಒಮ್ಮೆ, 100 ಬಾರ್ ಹತ್ತಿರ ಒಮ್ಮೆ, 50ರ ಹತ್ತಿರ ಒಮ್ಮೆ ಬರೆದುಕೊಳ್ಳಿ. ಮೂರೂ ಕಡೆ ಒಂದೇ ಅಂತರ, ಅಂದರೆ 200ಕ್ಕೆ 195, 100ಕ್ಕೆ 95, 50ಕ್ಕೆ 45 ಬಂದರೆ ಯಾವುದೋ ಒಂದರ ಸೊನ್ನೆ ಜರುಗಿದೆ. ಅಂತರ ಮೇಲೆ ಜಾಸ್ತಿ, ಕೆಳಗೆ ಕಡಿಮೆ ಆಗುತ್ತಾ ಬಂದರೆ ಅದು ಅಳತೆಯ ಪ್ರಮಾಣದಲ್ಲೇ ಇರುವ ತಪ್ಪು. ಎರಡನ್ನೂ ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಆದರೆ ಸರ್ವೀಸ್ ಮಾಡುವವರಿಗೆ ಈ ಮೂರು ಜೋಡಿ ಸಂಖ್ಯೆ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಎಷ್ಟು ವ್ಯತ್ಯಾಸ ತಡೆದುಕೊಳ್ಳಬಹುದು? ತುಂಬಿದ ಟ್ಯಾಂಕಿನಲ್ಲಿ ಐದು ಹತ್ತು ಬಾರ್ ಹೆಚ್ಚುಕಮ್ಮಿ ಬಂದರೆ ನಾನು ಗಮನಿಸಿ ಸುಮ್ನೆ ಇರುತ್ತೇನೆ. ಕೆಳಗಡೆ ಬಂದಾಗ ಮಾತ್ರ ಬಿಗಿಯಾಗುತ್ತೇನೆ. ಹೆಚ್ಚು ಬಳಕೆಯ ಅಲ್ಯೂಮಿನಿಯಂ ಟ್ಯಾಂಕು 11.1 ಲೀಟರ್‌ನದು. ಅದರಲ್ಲಿ 10 ಬಾರ್ ಅಂದರೆ 111 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 18 ಮೀಟರ್ ಆಳದಲ್ಲಿ ನಿಮಿಷಕ್ಕೆ 56 ಲೀಟರ್ ಬೇಕು. ಅಂದರೆ ಎರಡು ನಿಮಿಷದ ಗಾಳಿ. ಟ್ಯಾಂಕು ತುಂಬಿದ್ದಾಗ ಎರಡು ನಿಮಿಷ ದೊಡ್ಡದಲ್ಲ. 50 ಬಾರ್ ಉಳಿದಾಗ ಇಡೀ ಟ್ಯಾಂಕಿನಲ್ಲಿ ಇರುವುದೇ ಹತ್ತು ನಿಮಿಷದ್ದು. ಅದರಲ್ಲೂ ಕಂಪ್ಯೂಟರ್ ಕಡಿಮೆ ತೋರಿಸಿದರೆ ಬೇಗ ಮೇಲೆ ಬರುತ್ತೀರಿ, ಅಷ್ಟೇ. 50ರ ಹತ್ತಿರ ಗೇಜಿಗಿಂತ ಜಾಸ್ತಿ ತೋರಿಸುವ ಟ್ರಾನ್ಸ್‌ಮಿಟರನ್ನು ಸರಿಪಡಿಸುವವರೆಗೆ ನಂಬಬೇಡಿ.

ಇನ್ನು ಪ್ರತಿ ಡೈವ್‌ಗೂ ಮೊದಲು ಮಾಡಬೇಕಾದ ಒಂದು ಪರೀಕ್ಷೆ. ವಾಲ್ವ್ ತೆರೆದು ಸಂಖ್ಯೆ ಬರಲು ಬಿಡಿ. ಆಮೇಲೆ ವಾಲ್ವ್ ಮುಚ್ಚಿ. ಸಂಖ್ಯೆ ಹಾಗೇ ನಿಂತಿರಬೇಕು. ಈಗ ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜಿನ ಪರ್ಜ್ ಗುಂಡಿ ಒತ್ತಿ ಗಾಳಿ ಬಿಡಿ. ಗೇಜಿನ ಮುಳ್ಳು ಒಂದೇ ಸೆಕೆಂಡಿಗೆ ಸೊನ್ನೆಗೆ ಬೀಳುತ್ತದೆ. ಕಂಪ್ಯೂಟರಿನ ಸಂಖ್ಯೆ ಒಂದೆರಡು ಸಂದೇಶದೊಳಗೆ, ಅಂದರೆ ಹತ್ತು ಹನ್ನೆರಡು ಸೆಕೆಂಡಿನೊಳಗೆ ಇಳಿಯಬೇಕು. ಇಷ್ಟೇ ಪರೀಕ್ಷೆ, ಆದರೆ ಇದರಿಂದ ನಾಲ್ಕು ವಿಷಯ ತಿಳಿಯುತ್ತದೆ.

ಗಾಳಿ ಬಿಡುವ ಮೊದಲೇ ಸಂಖ್ಯೆ ನಿಧಾನಕ್ಕೆ ಇಳಿದರೆ ಎಲ್ಲೋ ಸೋರಿಕೆ ಇದೆ. ಪರ್ಜ್ ಮಾಡಿದರೂ ಸಂಖ್ಯೆ ಅಲುಗದಿದ್ದರೆ ನೀವು ನೋಡುತ್ತಿರುವುದು ಬೇರೆಯವರ ಟ್ಯಾಂಕು. ಬಾಡಿಗೆ ಸಾಮಾನಿನಲ್ಲಿ, ತೊಳೆಯುವ ಟಬ್‌ನಲ್ಲಿ ರೆಗ್ಯುಲೇಟರ್‌ಗಳು ಅದಲುಬದಲಾದಾಗ, ಬಡ್ಡಿಯ ಟ್ರಾನ್ಸ್‌ಮಿಟರನ್ನೂ ಜೋಡಿಸಿಕೊಂಡಾಗ ಇದು ಆಗುತ್ತದೆ. ಸಂಖ್ಯೆ ಇಳಿಯುತ್ತದೆ ಆದರೆ ಒಂದು ನಿಮಿಷ ಎಳೆಯುತ್ತದೆ ಅಂದರೆ ಟ್ರಾನ್ಸ್‌ಮಿಟರ್ ಬುಡದ ಸಣ್ಣ ರಂಧ್ರ ಕಟ್ಟಿಕೊಂಡಿದೆ. ಆ ರಂಧ್ರ ಬರಿಗಣ್ಣಿಗೆ ಚುಕ್ಕಿಯಷ್ಟು. ಉಪ್ಪಿನ ಹರಳು, ತುಕ್ಕಿನ ಪುಡಿ ಸಾಕು ಅದಕ್ಕೆ. ಸೂಜಿ ಹಾಕಿ ಬಿಡಿಸಲು ಹೋಗಬೇಡಿ, ಹಿಂದೆಯೇ ಸೆನ್ಸರ್ ಇದೆ. ನಾಲ್ಕನೆಯದು ವಾಲ್ವ್ ಬಗ್ಗೆ. ಇದನ್ನು ಮಾತ್ರ ಬಿಡಿಸಿ ಹೇಳಬೇಕು.

ವಾಲ್ವ್ ಮುಚ್ಚಿದ್ದರೂ 200

ಟ್ರಾನ್ಸ್‌ಮಿಟರ್ ಅಳೆಯುವುದು ಟ್ಯಾಂಕಿನ ಒಳಗನ್ನಲ್ಲ. ಟ್ಯಾಂಕಿನ ವಾಲ್ವ್ ದಾಟಿ ಫಸ್ಟ್ ಸ್ಟೇಜಿನೊಳಗೆ ಬಂದಿರುವ ಗಾಳಿಯನ್ನು. ಮುಳ್ಳಿನ ಗೇಜೂ ಅಷ್ಟೇ. ಪರೀಕ್ಷೆ ಮುಗಿಸಿ ಯಾರೋ ವಾಲ್ವ್ ಮುಚ್ಚಿಬಿಟ್ಟರೆ ಹೋಸಿನಲ್ಲಿ ಸಿಕ್ಕಿಕೊಂಡ ಗಾಳಿ 200 ಬಾರ್ ಅಂತಲೇ ತೋರಿಸುತ್ತಾ ಇರುತ್ತದೆ. ಒಂದೆರಡು ಉಸಿರು ಎಳೆದಾಗಲೇ ಗೊತ್ತಾಗುವುದು, ಅದೂ ನೀರಿನಲ್ಲಿ. ಹಾಗಾಗಿ ಸಂಖ್ಯೆ ನೋಡಿದರೆ ಸಾಲದು. ಸಂಖ್ಯೆ ನೋಡುತ್ತಾ ಉಸಿರೆಳೆಯಬೇಕು.

ಅರ್ಧಂಬರ್ಧ ತೆರೆದ ವಾಲ್ವ್ ಇದಕ್ಕಿಂತ ಕಪಟಿ. ಬೋಟಿನ ಮೇಲೆ ಉಸಿರಾಡಲು ಏನೂ ತೊಂದರೆ ಅನಿಸುವುದಿಲ್ಲ. 20 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ಬೇಕು. ಅಷ್ಟು ಗಾಳಿ ಆ ಸಣ್ಣ ಸಂದಿಯಲ್ಲಿ ಹರಿದು ಬರುವುದಿಲ್ಲ. ಎಳೆದಾಗ ಒತ್ತಡ ಕುಸಿಯುತ್ತದೆ, ಬಿಟ್ಟಾಗ ಏರುತ್ತದೆ. ಗೇಜಿನಲ್ಲಿ ಮುಳ್ಳು ಕುಣಿಯುವುದು ಕಣ್ಣಿಗೆ ರಾಚುತ್ತದೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಅದು ಐದು ಸೆಕೆಂಡಿಗೊಮ್ಮೆ ಮಾತ್ರ ನೋಡುತ್ತದೆ. ಉಸಿರು ಎಳೆದ ಗಳಿಗೆಗೆ ಸಂದೇಶ ಬಿದ್ದರೆ 171, ಬಿಟ್ಟ ಗಳಿಗೆಗೆ ಬಿದ್ದರೆ 198. ಪರದೆಯ ಮೇಲೆ 198, 198, 171, 197, 184, 198 ಅಂತ ಬರುತ್ತದೆ. ನೋಡಿದವರಿಗೆ ಸೆನ್ಸರ್ ಕೆಟ್ಟಿದೆ ಅನಿಸುತ್ತದೆ. ಸೆನ್ಸರ್ ಚೆನ್ನಾಗಿಯೇ ಇದೆ, ಜೀವ ಉಳಿಸುವ ಸುದ್ದಿಯನ್ನೇ ಹೇಳುತ್ತಿದೆ. ಕುಸಿತ ಎರಡು ಸಂದೇಶಗಳ ನಡುವೆ ಬಿದ್ದರೆ ಪರದೆಯಲ್ಲಿ ಏನೂ ಕಾಣದೆಯೂ ಹೋಗಬಹುದು.

ಹಾಗಾಗಿ ನೀರಿಗಿಳಿಯುವ ಮುನ್ನ ಪರದೆ ನೋಡುತ್ತಾ ಕನಿಷ್ಠ ಇಪ್ಪತ್ತು ಸೆಕೆಂಡ್ ದೀರ್ಘವಾಗಿ ಉಸಿರೆಳೆಯಿರಿ. ಗೇಜ್ ಇದ್ದರೆ ಮುಳ್ಳನ್ನು ನೋಡಿ, ಅದು ಒಳ್ಳೆಯದು. ವಾಲ್ವನ್ನು ಪೂರ್ತಿ ತೆರೆದು ಹಾಗೇ ಬಿಡಿ. ತೆರೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸುವ ಹಳೆಯ ಅಭ್ಯಾಸ ಇನ್ನೂ ಕೆಲವರಲ್ಲಿ ಇದೆ. ದಿಕ್ಕು ಮರೆತವರು ಮುಚ್ಚಿದ ವಾಲ್ವನ್ನು ಕಾಲು ಸುತ್ತು ತೆರೆದು ಸರಿಮಾಡಿದೆ ಅಂದುಕೊಳ್ಳುತ್ತಾರೆ.

ವಾಲ್ವ್ ಪೂರ್ತಿ ತೆರೆದಿದ್ದರೂ ಸಂಖ್ಯೆ ಕುಣಿಯುತ್ತಿದ್ದರೆ ಫಸ್ಟ್ ಸ್ಟೇಜಿನ ಬಾಯಲ್ಲಿರುವ ಲೋಹದ ಫಿಲ್ಟರ್ ನೋಡಿ. ಹಸಿರು ಬಣ್ಣ ಬಂದಿದ್ದರೆ ಉಪ್ಪುನೀರು ಒಳಗೆ ಹೋಗಿದೆ. ಕೆಂಪು ಕಂದು ಇದ್ದರೆ ಸ್ಟೀಲ್ ಟ್ಯಾಂಕಿನ ತುಕ್ಕು. ಫಿಲ್ಟರ್ ಕಟ್ಟಿಕೊಂಡರೂ ಅರೆ ತೆರೆದ ವಾಲ್ವಿನ ಲಕ್ಷಣವೇ ಕಾಣುತ್ತದೆ. ಆ ರೆಗ್ಯುಲೇಟರನ್ನು ಅವತ್ತು ನೀರಿಗೆ ಇಳಿಸಬೇಡಿ.

ಡೈವ್ ಮುಗಿದ ಮೇಲೆ ಗ್ರಾಫ್ ನೋಡಿ

ಬಂದು ಬಂದು ಹೋಗುವ ದೋಷವನ್ನು ನೀರಿನಡಿ ಹಿಡಿಯುವುದು ಕಷ್ಟ. ಲಾಗನ್ನು ಫೋನಿಗೆ ಇಳಿಸಿ, ಒತ್ತಡದ ಗೆರೆ ನೋಡಿ. ಆ ಗೆರೆಯ ಆಕಾರ ಬಹಳ ಹೇಳುತ್ತದೆ.

ಸಮತಟ್ಟಾಗಿ ಹೋಗಿ ಒಮ್ಮೆಲೇ ಕೆಳಗೆ ಬೀಳುವ ಮೆಟ್ಟಿಲು ಇದ್ದರೆ ಆ ಹೊತ್ತು ಸಿಗ್ನಲ್ ಇರಲಿಲ್ಲ. ಅದೇ ಸಮಯಕ್ಕೆ ಕ್ಯಾಮೆರಾದಲ್ಲಿ ತೆಗೆದ ಫೋಟೋ ಇದೆಯೇ ಹೋಲಿಸಿ, ಫೋಟೋದ ಸಮಯ ಹೇಗೂ ದಾಖಲಾಗಿರುತ್ತದೆ. ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಆಗಿದ್ದರೆ, ಅದರಲ್ಲೂ ಆಳಕ್ಕೆ ಹೋದಂತೆ ಹಲ್ಲು ದೊಡ್ಡದಾಗಿದ್ದರೆ ವಾಲ್ವ್ ಅಥವಾ ಫಿಲ್ಟರ್. ಆರಂಭದ ನಿಮಿಷಗಳಲ್ಲಿ ಕಡಿದಾಗಿ ಇಳಿದು ಆಮೇಲೆ ಹದವಾಗಿ ಹೋದರೆ ಟ್ಯಾಂಕು ತಣ್ಣಗಾಗಿದ್ದು. ಮಧ್ಯದಲ್ಲಿ ಒತ್ತಡ ಏರಿ ಅಲ್ಲೇ ಉಳಿದಿದ್ದರೆ ಅದಕ್ಕೆ ಸಹಜ ಕಾರಣ ಇಲ್ಲ. ನೀರಿನಡಿ ಟ್ಯಾಂಕು ತುಂಬುವುದಿಲ್ಲ ಅಲ್ವಾ? ಅಂಥ ಗೆರೆ ಕಂಡರೆ ಸೆನ್ಸರ್ ಮೇಲೆ ಅಥವಾ ಬೇರೆ ಟ್ರಾನ್ಸ್‌ಮಿಟರ್ ಬೆರಕೆಯ ಮೇಲೆ ಅನುಮಾನ ಪಡಿ.

ಡೈವ್ ಮುಗಿದ ಸಮಯದ ಸಂಖ್ಯೆಯನ್ನು ಗೇಜಿನ ಸಂಖ್ಯೆಯ ಜೊತೆ ಬರೆದಿಡುವ ರೂಢಿ ಮಾಡಿಕೊಳ್ಳಿ. ಕೆಟ್ಟುಹೋಗುವ ಸೆನ್ಸರ್ ಹೆಚ್ಚಾಗಿ ಒಂದೇ ದಿನ ಕೆಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಜರುಗುತ್ತದೆ, ಬರೆದಿಟ್ಟವರಿಗೆ ಮಾತ್ರ ಕಾಣುತ್ತದೆ.

‘ಇಷ್ಟು ನಿಮಿಷ ಉಳಿದಿದೆ’ ಅನ್ನುವ ಅಂಕಿ

ಒತ್ತಡ ಅಳತೆ. ಉಳಿದ ನಿಮಿಷ ಬರೀ ಅಂದಾಜು. ಇವೆರಡನ್ನು ಬೆರೆಸಿ ‘ಕಂಪ್ಯೂಟರ್ ತಪ್ಪು ಹೇಳುತ್ತಿದೆ’ ಅನ್ನುವವರು ಬಹಳ. ಶಿಯರ್‌ವಾಟರ್ ಯಂತ್ರಗಳು ಕಳೆದ ಎರಡು ನಿಮಿಷದ ಉಸಿರಾಟದ ಸರಾಸರಿ ಹಿಡಿದು ಮುಂದಿನದ್ದನ್ನು ಊಹಿಸುತ್ತವೆ. ಪ್ರವಾಹಕ್ಕೆ ಎದುರಾಗಿ ಕಾಲು ಬಡಿದರೆ 30 ನಿಮಿಷ ಇದ್ದದ್ದು 16 ಆಗುತ್ತದೆ, ಬಂಡೆಯ ಮರೆಗೆ ಬಂದು ಸುಧಾರಿಸಿಕೊಂಡರೆ ಮತ್ತೆ ಏರುತ್ತದೆ. ದೋಷ ಅಲ್ಲ ಇದು. ಡೈವ್ ಶುರುವಿನಲ್ಲಿ ಈ ಅಂಕಿ ಕಾಣದಿರುವುದೂ ದೋಷವಲ್ಲ, ಅದಿನ್ನೂ ಲೆಕ್ಕ ಕೂಡಿಸುತ್ತಿರುತ್ತದೆ. ಮೀಸಲು ಒತ್ತಡ ಎಷ್ಟು ಅಂತ ಸೆಟ್ ಮಾಡಿದ್ದೀರಿ ನೋಡಿ. 50 ಬಾರ್ ಬದಲು 30 ಅಂತ ಇದ್ದರೆ ಉಳಿದ ನಿಮಿಷ ಸುಮ್ನೆ ಜಾಸ್ತಿ ಕಾಣುತ್ತದೆ. ನಾನು ಈ ಅಂಕಿಯನ್ನು ನೋಡುತ್ತೇನೆ, ಆದರೆ ನಿರ್ಧಾರ ಮಾಡುವುದು ಬಾರ್ ನೋಡಿ.

ಬ್ಯಾಟರಿ ಮತ್ತು ಓ-ರಿಂಗ್

ನೇತ್ರಾಣಿಯಲ್ಲಿ ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ. ಸಾಮಾನು ನಾಲ್ಕೈದು ತಿಂಗಳು ಬ್ಯಾಗಿನಲ್ಲೇ ಇರುತ್ತದೆ, ಕರಾವಳಿಯ ತೇವದಲ್ಲಿ. ಅಕ್ಟೋಬರ್ ಹೊತ್ತಿಗೆ ತೆಗೆದಾಗ ಬರುವ ತೊಂದರೆಗಳಿಗೆ ಬಹುತೇಕ ಕಾರಣ ಅದೇ. ಮಳೆಗಾಲಕ್ಕೆ ಮೊದಲು ಬ್ಯಾಟರಿ ತೆಗೆದಿಡಿ. ರೆಗ್ಯುಲೇಟರಿನಲ್ಲಿ ಒತ್ತಡ ಉಳಿಸಿ ಇಡಬೇಡಿ, ಒತ್ತಡ ಇರುವಷ್ಟು ಹೊತ್ತೂ ಟ್ರಾನ್ಸ್‌ಮಿಟರ್ ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ.

ಮಾದರಿಗೆ ತಕ್ಕಂತೆ ಸಿಆರ್2 ಅಥವಾ ಸಿಆರ್123ಎ ಎಂಬ 3 ವೋಲ್ಟಿನ ಲಿಥಿಯಂ ಸೆಲ್ ಹೆಚ್ಚು ಬಳಕೆ. ಇವನ್ನು ಮಲ್ಟಿಮೀಟರ್ ಹಿಡಿದು ‘3 ವೋಲ್ಟ್ ಇದೆ, ಸರಿ ಇದೆ’ ಅನ್ನಬೇಡಿ. ಲಿಥಿಯಂ ಸೆಲ್ ಮುಗಿಯುವ ತನಕ ಹೆಚ್ಚು ಕಡಿಮೆ ಅದೇ ವೋಲ್ಟ್ ತೋರಿಸಿ, ಸಂದೇಶ ಕಳಿಸುವಾಗಿನ ಹೊರೆ ಬಿದ್ದಾಗ ಕುಸಿಯುತ್ತದೆ. ಅನುಮಾನ ಇದ್ದರೆ ಹೊಸದು ಹಾಕಿ. ಅದೇ ಗಾತ್ರದ ರೀಚಾರ್ಜ್ ಆಗುವ ಸೆಲ್ ಹಾಕಬೇಡಿ. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್ ಇರುತ್ತದೆ, ಒಳಗಿನ ಸರ್ಕ್ಯೂಟು ಸುಟ್ಟೀತು.

ಬೋಟಿನ ಮೇಲೆ ಬ್ಯಾಟರಿ ಮುಚ್ಚಳ ತೆಗೆಯುವುದು ಬೇಡ. ಒದ್ದೆ ಕೈ, ಹಾರುವ ಉಪ್ಪುನೀರು, ಮರಳು. ಹಿಂದಿನ ದಿನ ರೂಮಿನಲ್ಲಿ ಮಾಡಿ. ಮುಚ್ಚಳದ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ತೆಗೆದು ಬೆರಳಲ್ಲಿ ಸವರಿದರೆ ಒಂದು ಕೂದಲು ಇದ್ದರೂ ಗೊತ್ತಾಗುತ್ತದೆ. ಸಿಲಿಕಾನ್ ಗ್ರೀಸ್ ಹೊಳಪು ಬರುವಷ್ಟು ಸಾಕು, ಮೆತ್ತಬೇಡಿ. ಒಳಗಿನ ಕಾಂಟ್ಯಾಕ್ಟ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ನೀರು ಹೋಗಿದೆ ಅಂತಲೇ ಲೆಕ್ಕ.

ಟ್ರಾನ್ಸ್‌ಮಿಟರ್ ಬುಡದಿಂದ ಗುಳ್ಳೆ ಬರುತ್ತಿದ್ದರೆ ಎಚ್‌ಪಿ ಪೋರ್ಟಿನ ಓ-ರಿಂಗ್ ನೋಡಿ. ಒತ್ತಡ ಇದ್ದಾಗ ಬಿಗಿ ಮಾಡಲು ಹೋಗಬೇಡಿ. ವಾಲ್ವ್ ಮುಚ್ಚಿ, ಪರ್ಜ್ ಮಾಡಿ, ಆಮೇಲೆ ಬಿಚ್ಚಿ. ಬಿಗಿ ಮಾಡುವಾಗ ಬುಡದ ಲೋಹದ ಭಾಗಕ್ಕೆ ಸ್ಪ್ಯಾನರ್ ಹಾಕಿ, ಪ್ಲಾಸ್ಟಿಕ್ ಮೈ ಹಿಡಿದು ತಿರುಚಬೇಡಿ. ಇನ್ನೊಂದು ಮಾತು ಬೋಟಿನ ಹುಡುಗರಿಗೆ ಹೇಳಿಡಿ: ‘ಇದನ್ನು ಹಿಡಿದು ಟ್ಯಾಂಕು ಎತ್ತಬೇಡಿ.’ ನೋಡಲು ಹಿಡಿಯಂತೆಯೇ ಇರುತ್ತದೆ, ಅವರ ತಪ್ಪಲ್ಲ. ಪೆಟ್ಟು ಬೀಳುವ ಭಯ ಇದ್ದರೆ 15 ಸೆಂಟಿಮೀಟರಿನ ಸಣ್ಣ ಎಚ್‌ಪಿ ಹೋಸ್ ಹಾಕಿ ಅದರ ತುದಿಗೆ ಟ್ರಾನ್ಸ್‌ಮಿಟರ್ ಕೂರಿಸಬಹುದು.

ನೀರಿನಡಿ ಸಂಖ್ಯೆ ಹೋದರೆ

ಮೊದಲು ಗೇಜ್ ನೋಡಿ. ಆಮೇಲೆ ಮಣಿಕಟ್ಟನ್ನು ಟ್ರಾನ್ಸ್‌ಮಿಟರ್ ಕಡೆಗೆ ತಂದು ಹಿಡಿಯಿರಿ, ಫ್ಲಾಶ್ ನಿಲ್ಲಿಸಿ, ಒಂದು ಒಂದೂವರೆ ನಿಮಿಷ ಕಾಯಿರಿ. ಕೆಲವು ಕಂಪ್ಯೂಟರ್‌ಗಳು ಸಿಗ್ನಲ್ ಹೋದ ಅರ್ಧ ನಿಮಿಷದ ಮೇಲೆ ಎಚ್ಚರಿಕೆ ಕೊಡುತ್ತವೆ. ಅಲ್ಲಿಯವರೆಗೆ ಕಾಣುವುದು ಹಳೆಯ ಸಂಖ್ಯೆ. ಸಾಮಾನ್ಯ ಉಸಿರಾಟದಲ್ಲಿ ಅರ್ಧ ನಿಮಿಷಕ್ಕೆ ಎರಡು ಮೂರು ಬಾರ್ ಹೋಗಬಹುದು, ಅಷ್ಟೇ. ಆದರೆ ರೆಗ್ಯುಲೇಟರ್ ಕೆಟ್ಟು ಗಾಳಿ ಒಂದೇ ಸಮನೆ ಹರಿಯುತ್ತಿದ್ದರೆ ಪರದೆಯ ಸಂಖ್ಯೆಯನ್ನು ಕಾಯುತ್ತಾ ಕೂರಬೇಡಿ, ಬಡ್ಡಿಯ ಹತ್ತಿರ ಹೋಗಿ.

ಗೇಜ್ ಇದ್ದು ಅದು ಸರಿಯಿದ್ದರೆ ಡೈವ್ ಮುಂದುವರಿಸಬಹುದು. ಗೇಜ್ ಇಲ್ಲ, ಸಂಖ್ಯೆಯೂ ಮರಳಲಿಲ್ಲ ಅಂದರೆ ಡೈವ್ ಅಲ್ಲಿಗೆ ಮುಗಿಯಿತು. ಕೊನೆಗೆ ಕಂಡದ್ದು 150 ಆಗಿದ್ದರೂ ಸರಿ. ಬಡ್ಡಿಗೆ ಸನ್ನೆ ಮಾಡಿ, ಜೊತೆಯಾಗಿ, ಎಂದಿನ ನಿಧಾನದಲ್ಲೇ ಮೇಲೆ ಬನ್ನಿ. 5 ಮೀಟರಿನಲ್ಲಿ 3 ನಿಮಿಷದ ನಿಲುಗಡೆ ಮಾಡಿ. ಟ್ರಾನ್ಸ್‌ಮಿಟರ್ ಸತ್ತರೂ ಆಳ, ಸಮಯ, ನಿಲುಗಡೆಯ ಲೆಕ್ಕ ಕಂಪ್ಯೂಟರಿನಲ್ಲಿ ನಡೆಯುತ್ತಲೇ ಇರುತ್ತದೆ. ಆಳ ಅಳೆಯುವ ಸೆನ್ಸರ್ ಕಂಪ್ಯೂಟರಿನೊಳಗೇ ಬೇರೆಯದಾಗಿ ಇದೆ. ಅದಕ್ಕಾಗಿ ಗಾಬರಿಪಟ್ಟು ಓಡಿ ಮೇಲೆ ಬರಬೇಕಿಲ್ಲ.

ಸರ್ವೀಸಿಗೆ ಕಳಿಸುವಾಗ

‘ಕೆಲಸ ಮಾಡುತ್ತಿಲ್ಲ’ ಅಂತ ಒಂದು ಸಾಲು ಬರೆದು ಕಳಿಸಿದರೆ ಅವರು ಬೆಂಚಿನ ಮೇಲೆ ಇಟ್ಟು ನೋಡುತ್ತಾರೆ, ಅಲ್ಲಿ ಎಲ್ಲ ಸರಿಯಿರುತ್ತದೆ, ಹಾಗೇ ವಾಪಸ್ ಬರುತ್ತದೆ. ಮೂರು ಒತ್ತಡಗಳಲ್ಲಿ ಗೇಜಿನ ಮತ್ತು ಕಂಪ್ಯೂಟರಿನ ಸಂಖ್ಯೆ, ಪರ್ಜ್ ಪರೀಕ್ಷೆಯಲ್ಲಿ ಸೊನ್ನೆಗೆ ಬರಲು ಹಿಡಿದ ಸಮಯ, ಬ್ಯಾಟರಿ ಬದಲಿಸಿದ ದಿನ, ಲಾಗಿನ ಗ್ರಾಫ್ ಚಿತ್ರ ಇಷ್ಟನ್ನು ಜೊತೆಗೆ ಕೊಡಿ. ಸೀರಿಯಲ್ ನಂಬರ್ ಮತ್ತು ಕಂಪ್ಯೂಟರಿನ ಸಾಫ್ಟ್‌ವೇರ್ ಆವೃತ್ತಿಯನ್ನೂ ಬರೆಯಿರಿ. ದೋಷ ಬೇರೆ ಕಂಪ್ಯೂಟರಿನಲ್ಲೂ ಬರುತ್ತದೆಯೇ ಅಂತ ಗೆಳೆಯರ ಕಂಪ್ಯೂಟರಿಗೆ ಜೋಡಿಸಿ ನೋಡಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಎರಡು ಕಂಪ್ಯೂಟರ್‌ನಲ್ಲೂ ತಪ್ಪು ಬಂದರೆ ಟ್ರಾನ್ಸ್‌ಮಿಟರ್ ಒಂದನ್ನೇ ಕಳಿಸಿದರೆ ಸಾಕು. ವಾಪಸ್ ಬಂದ ಮೇಲೆ ಮೊದಲ ಡೈವ್ ಗೇಜ್ ಜೊತೆಯಲ್ಲೇ ಮಾಡಿ, ಅದೇ ಮೂರು ಒತ್ತಡಗಳಲ್ಲಿ ಮತ್ತೆ ಹೋಲಿಸಿ.